ಒಂಬತ್ತು ಅಂಕಿ

ಇಪ್ಪತ್ತು ಸಾವಿರದ ಚೀಟಿಯನ್ನು ಮೂರು ಸಾವಿರದ ಎಂಟುನೂರು ಬಿಟ್ಟು
ಎರಡನೇ ತಿಂಗಳಿಗೇ ಕೂಗಿ ಎತ್ತಿದೆ.
ಚಾಪೆಯ ಮೇಲಿನ ಹೆಂಗಸರೆಲ್ಲ ನನ್ನ ಮುಖ ನೋಡಿದರು,
ಸೆಲಿನ್ ಮನೆಯಲ್ಲಿ ಯಾರಿಗೋ ಆಪರೇಷನ್ ಎಂದುಕೊಂಡು.

ಗೋಣಿಕೊಪ್ಪದಲ್ಲಿ ಮುಚ್ಚುತ್ತಿದ್ದ ಕಾರು ತೊಳೆಯುವ ಶೆಡ್ಡು.
ಮೂಲೆಯಲ್ಲಿ ಅದು ಕೂತಿತ್ತು, ಮೂತಿ ಇಳಿಬಿಟ್ಟು.
ಪೆಟ್ರೋಲ್ ಎಂಜಿನ್. ಒಂದು ಚಕ್ರ ಇಲ್ಲ.
ಹಗ್ಗ ಎಳೆದರೆ ನಾಲ್ಕನೆಯದಕ್ಕೆ ಕೆಮ್ಮುತ್ತದೆ, ಆರನೆಯದಕ್ಕೆ ಒಪ್ಪುತ್ತದೆ.
ಹದಿನೆಂಟು ಅಂದ. ಇಲ್ಲದ ಚಕ್ರ ತೋರಿಸಿದೆ.
ಹದಿನೈದು ಅಂದ. ಸೋರುವ ಪೈಪು ತೋರಿಸಿದೆ.
ಹನ್ನೆರಡೂವರೆಗೆ ತಾನೇ ಎತ್ತಿ ಆಟೋದಲ್ಲಿಟ್ಟ.

ಉಳಿದ ದುಡ್ಡಿಗೆ ಪೈಪು, ಆಯಿಲು, ಒಂದು ವಾಷರು, ಇನ್ನೊಂದು ವಾಷರು.
ಬೂಟು ತೋಟದ ಕೆಲಸದ ಕಾಲದ್ದು.
ಕನ್ನಡಕ ಮಗಳ ಕಾಲೇಜಿನ ಲ್ಯಾಬಿನದು, ಶನಿವಾರ ಭಾನುವಾರ ಮಾತ್ರ.
ಮೊಯಿದುವಿನ ಗೂಡ್ಸ್ ಆಟೋಕ್ಕೆ ಅರ್ಧ ಬಾಡಿಗೆ ಈಗ,
ಅರ್ಧ, ಅವನ ಮಾತಿನಲ್ಲೇ, "ದೇವರು ಕೊಟ್ಟಾಗ."

ಹನ್ನೊಂದು ವರ್ಷ ಹೋಂಸ್ಟೇಗಳ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತು
ತಂತಿ ಬ್ರಷ್ಷಲ್ಲಿ ಉಜ್ಜಿದವಳು ನಾನು.
ಪಾಚಿ ನನಗೆ ಹೊಸಬನಲ್ಲ.
ಕಕ್ಕಡದಲ್ಲಿ ಹುಟ್ಟಿ, ಕೈಲ್ ಪೊಳ್ದಿಗೆ ಮೊಣಕಾಲು ಊರಿ,
ಬಿಸಿಲು ಬಂದ ಮೇಲೆ ಕಪ್ಪಗೆ ಒಣಗಿ
ನಾನು ಹೋದೆ ಅಂತ ನಟಿಸುತ್ತಾನೆ.
ಆದರೆ ನೀರಿನ ಜೋರು ನನಗೆ ಹೊಸದು.
ಮೊದಲ ದಿನವೇ ಒಬ್ಬರ ಗೇಟಿನ ಕಂಬದಿಂದ
ಪಾಚಿಯ ಜೊತೆ ಬಣ್ಣ, ಬಣ್ಣದ ಜೊತೆ ಮನೆತನದ ಹೆಸರು
ಅರ್ಧ ಹಾರಿಹೋಯಿತು.
ಕೂಲಿ ಕೇಳಲಿಲ್ಲ. ಪೇಂಟರಿಗೆ ನಾನೇ ಆರುನೂರು ಕೊಟ್ಟೆ.

ಬೋರ್ಡು ಬರೆಸಲು ಎಲ್ಲಿದೆ ದುಡ್ಡು?
ವಿರಾಜಪೇಟೆ ರಸ್ತೆಯಲ್ಲಿ ಮೊಯಿದುವಿನ ಮಾವನ ಮರದ ಡಿಪೋ,
ಇಪ್ಪತ್ತಡಿ ಗೋಡೆ, ಪೂರಾ ಹಸಿರು.
ಕೇಳಿದೆ. ಬರಿ ಅಂದರು.
ಸುಣ್ಣವಿಲ್ಲ, ಬಣ್ಣವಿಲ್ಲ, ಬರೀ ನೀರು:
ಪಾಚಿ ಹೋದಲ್ಲಿ ಬೆಳ್ಳಗೆ ಅಕ್ಷರ.
ಅಂಗಳ, ಕಣ, ಮೆಟ್ಟಿಲು ತೊಳೆದು ಕೊಡಲಾಗುವುದು.
ಕೆಳಗೆ ಫೋನ್ ನಂಬರು,
ಒಂದೊಂದು ಅಂಕಿಯೂ ನನ್ನ ಸೊಂಟದೆತ್ತರ.
ಒಂಬತ್ತನೆಯದು ಮುಗಿಯಿತು, ಎಂಜಿನ್ ಕೆಮ್ಮಿತು, ನಿಂತಿತು.
ಪೆಟ್ರೋಲ್ ಖಾಲಿ. ಪರ್ಸೂ.

ಎಂಟು ದಿನ ಫೋನು ಸುಮ್ಮನಿತ್ತು.
ಹತ್ತನೇ ಅಂಕಿ ಬರೆಯಬೇಕು, ಬರೆಯಬೇಕು,
ಚೀಟಿಯ ಕಂತು ಕಟ್ಟಿ ಉಳಿದರೆ ಬರೆಯಬೇಕು.

ಒಂಬತ್ತನೇ ದಿನ ಒಂದು ದಪ್ಪ ದನಿ:
"ಗೋಡೆಯವಳಾ? ನಾನು ದೇಚವ್ವ, ಬಿಟ್ಟಂಗಾಲದಿಂದ.
ಒಂದರಿಂದ ಶುರು ಮಾಡ್ದೆ ಕಣೇ.
ಮೂರಕ್ಕೆ ಯಾರೋ ಬೈದ್ರು. ಐದು ಸ್ವಿಚ್ ಆಫ್.
ಏಳಕ್ಕೆ ಹಾವೇರಿಯ ಒಬ್ಬ ಮೇಷ್ಟ್ರು, ಪಾಪ ಒಳ್ಳೇವ್ರು,
ನಿಮ್ಮಲ್ಲಿ ಚಳಿ ಶುರುವಾಯ್ತಾ ಅಂತ ಅರ್ಧ ಗಂಟೆ.
ಒಂಬತ್ತೂ ಮುಗಿದ ಮೇಲೆ ಸೊನ್ನೆ ನೆನಪಾಯ್ತು.
ಕಾಫಿ ಹಣ್ಣಾಗ್ತಾ ಇದೆ, ಕಣ ನೋಡಿದ್ರೆ ಕೆರೆ.
ನಾಳೆ ಬಾ. ಪೆಟ್ರೋಲ್ ನಾನೇ ಹಾಕಿಸ್ತೀನಿ,
ನಿನ್ನ ಗೋಡೆ ನೋಡಿ ಅರ್ಥ ಆಯ್ತು."

ಎರಡು ದಿನ ತೊಳೆದೆ.
ಮೂತಿ ಹತ್ತಿರ ತಂದರೆ ಸಿಮೆಂಟು ಕಿತ್ತು ಬರುತ್ತದೆ,
ದೂರ ಹಿಡಿದರೆ ಪಾಚಿ ನಗುತ್ತದೆ;
ಒಂದು ಗೇಣು, ಓರೆಯಾಗಿ, ಕೈ ನಿಲ್ಲಿಸದೆ.
ದೇಚವ್ವ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು
ಕ್ರಿಕೆಟ್ಟು ನೋಡುವ ಹಾಗೆ ನೋಡಿದರು.
ಸಂಜೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ
ಆ ತುದಿಯಿಂದ ಈ ತುದಿಗೆ ನಡೆದರು, ಮಾತಿಲ್ಲ.
ಆಮೇಲೆ ನೋಟು ಎಣಿಸಿದರು, ಎರಡು ಸಲ.
ಮೂರನೇ ಸಲ ನಾನು ಎಣಿಸಿದೆ.

ವಾಪಸು ಬರುವಾಗ ಮೊಯಿದು ಡಿಪೋ ಮುಂದೆ ಆಟೋ ನಿಲ್ಲಿಸಿದ.
ಟ್ಯಾಂಕಿನಲ್ಲಿ ಇನ್ನೂ ನಾಲ್ಕು ಬೆರಳು ಪೆಟ್ರೋಲ್ ಇತ್ತು.
ಹಗ್ಗ ಎಳೆದೆ, ಒಂದು, ಎರಡು,
ಮೂರಕ್ಕೇ ಹೊತ್ತಿಕೊಂಡಿತು.
ತೋಳು ಸುತ್ತಿಸಿ ಒಂದು ಸೊನ್ನೆ ಬರೆದೆ, ಕೊಂಚ ಸೊಟ್ಟ.
ಬೀದಿದೀಪದಲ್ಲಿ ಅದರಿಂದ ಇನ್ನೂ ನೀರು ಇಳಿಯುತ್ತಿತ್ತು.
"ಹಾವೇರಿ ಮೇಷ್ಟ್ರಿಗೂ ಒಂದು ಫೋನ್ ಮಾಡಿ ಹೇಳು,"
ಅಂದ ಮೊಯಿದು, "ಚಳಿ ಶುರುವಾಯ್ತು ಅಂತ."