ಮೇಣದಲ್ಲಿ ಕನಕಪ್ಪ

ರೂವಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹೊರಗಿನ ಬಿಸಿಲು ಸುಳಿಯದಷ್ಟು ತಣ್ಣಗೆ
ಸಾಲು ಸಾಲು ಕಬ್ಬಿಣದ ಡ್ರಾಯರು.
ಎಳೆದರೆ ಮೇಣದ ಬಿಲ್ಲೆಗಳು,
ಬಿಲ್ಲೆಯೊಳಗೆ ಉಗುರಿನ ಸಿಬಿರಿನಷ್ಟು ಮನುಷ್ಯರು.

ಡಾಕ್ಟರ್ ಝುವೈನಾ ಚೀಟಿ ಕೊಟ್ಟಿದ್ದಾರೆ:
ತೊಂಬತ್ತೈದರಿಂದ ಎರಡು ಸಾವಿರದ ತನಕ,
ಮೂತ್ರಪಿಂಡದ್ದು, ಗಂಡಸರದ್ದು, ನಲವತ್ತರೊಳಗಿನವರದ್ದು,
ಸಕ್ಕರೆ ಕಾಯಿಲೆ ಇರಕೂಡದು, ರಕ್ತದೊತ್ತಡ ಇರಕೂಡದು,
ವರದಿಯ ಕೊನೆಯ ಸಾಲು ಹೀಗಿರಬೇಕು:
ಕಾರಣ ತಿಳಿಯದು.
"ಅವನ್ನೆಲ್ಲ ಮತ್ತೆ ಕೊಯ್ಯೋಣ, ಫೆಲ್ಸಿಟಾ.
ಆಗ ಕೇಳಲು ಗೊತ್ತಿರದ ಪ್ರಶ್ನೆಗಳು ಈಗಿವೆ."

ಅರವತ್ತೊಂದು ಸಿಕ್ಕವು.
ಎರಡನ್ನು ಜಿರಳೆ ತಿಂದಿತ್ತು.

ಇಪ್ಪತ್ತೇಳನೆಯದರ ಅರ್ಜಿಯಲ್ಲಿ
ಮಸುಕಾದ ಟೈಪಿನ ಹೆಸರು: ಕಂಕಬಾ.
ಕಬ್ಬಿಣ ಕಟ್ಟುವವ. ಮೂವತ್ತಮೂರು. ಹಿಂದೂಸ್ತಾನಿ.
ಯಾವ ಸೀಮೆಯ ಹೆಸರಪ್ಪಾ ಇದು ಎಂದು
ನಾಲಿಗೆಯಲ್ಲಿ ಉರುಳಿಸಿದೆ, ಕಂಕಬಾ, ಕಂಕಬಾ,
ಲಿಫ್ಟಿನಲ್ಲಿ ಮೇಲೆ ಬರುವಾಗ ಹೊಳೆಯಿತು:
ಅರಬಿಯಲ್ಲಿ ಪಕಾರವಿಲ್ಲ.
ಪಾಸ್‌ಪೋರ್ಟಿನಿಂದ ಅರಬಿಗೆ, ಅಲ್ಲಿಂದ ಮರಳಿ ಇಂಗ್ಲಿಷಿಗೆ
ದಾಟಿಸುವ ಹೊತ್ತಿಗೆ ಯಾರೋ ಗುಮಾಸ್ತ
ಅಪ್ಪನನ್ನು ಅಬ್ಬಾ ಮಾಡಿದ್ದ.
ಕನಕಪ್ಪ!
ನಮ್ಮೂರ ಕೆಂಪುಕಲ್ಲಿನ ಕೋರೆಗೆ
ಗಂಗಾವತಿ ಕಡೆಯಿಂದ ಬರುತ್ತಿದ್ದವರಲ್ಲಿ
ಮೂವರು ಕನಕಪ್ಪಂದಿರಿದ್ದರು.
ಇವನು ನಾಲ್ಕನೆಯವ.

ಬಿಲ್ಲೆಯನ್ನು ಮಂಜುಗಡ್ಡೆಯ ಮೇಲಿಟ್ಟು ಅಲಗಿಗೆ ಕೊಟ್ಟೆ.
ಮೂರು ಮೈಕ್ರಾನ್.
ಈರುಳ್ಳಿಯ ಪೊರೆ ಇದರ ಮುಂದೆ ಕಂಬಳಿ.
ಹಾರೀತೆಂದು ಉಸಿರು ಹಿಡಿದು
ಕುಂಚದ ತುದಿಯಲ್ಲಿ ಎತ್ತಿ
ಬಿಸಿನೀರಿನ ತಟ್ಟೆಯಲ್ಲಿ ತೇಲಿಬಿಟ್ಟೆ.
ನಲವತ್ತೆರಡು ಡಿಗ್ರಿ, ಹೊರಗಿನಷ್ಟೇ.
ಇಷ್ಟು ವರ್ಷ ಮುದುಡಿ ಕೂತಿದ್ದದ್ದು
ನೀರು ಮುಟ್ಟಿದ್ದೇ
ನೆರಿಗೆ ಬಿಚ್ಚಿ ಬಿಚ್ಚಿ ಅಗಲವಾಯಿತು.
ಕೊಂಚ ಹೊತ್ತು ಎತ್ತಲಿಲ್ಲ ನಾನು.
ಇರಲಿ, ನೀರಿನ ಮೇಲೆ ಇರಲಿ.

ಬಣ್ಣ ಹಾಕಿದಾಗ
ಗಾಯ ಗಟ್ಟಿಯಾದ ಜಾಗವೆಲ್ಲ ನೀಲಿ.
ಮತ್ರಾದ ಕಡಲ ನೀಲಿಯಲ್ಲ,
ಏಟು ಬಿದ್ದು ನಾಲ್ಕು ದಿನವಾದ ಚರ್ಮದ್ದು.
ಝುವೈನಾ ತೆರೆಯ ಮೇಲೆ ಹಿಗ್ಗಿಸಿ ತೋರಿಸಿದರು:
"ಸೋಸುವ ಜಾಲರಿ ಬಹುಪಾಲು ಹಾಗೇ ಇದೆ ನೋಡು,
ಕೆಟ್ಟಿದ್ದು ಕೊಳವೆ.
ಬೆವರಿ ಬೆವರಿ ಮೈ ಬತ್ತಿದಾಗ
ಕೊಳವೆಯ ಗೋಡೆ ತಾನೇ ಸಕ್ಕರೆ ಕಟ್ಟಿಕೊಳ್ಳುತ್ತದಂತೆ,
ಕಟ್ಟಿದ್ದನ್ನು ತಾನೇ ಉರಿಸುತ್ತದಂತೆ.
ಒಂದು ದಿನವಾದರೆ ತಡೆದೀತು.
ಮಧ್ಯಾಹ್ನದ ಬಿಡುವಿನ ಕಾನೂನು ಆಗಿನ್ನೂ ಇರಲಿಲ್ಲ."

ಅಜ್ಜಿಮನೆಯ ದಾರಿಯ ಆಲೆಮನೆ ನೆನಪಾಯಿತು ನನಗೆ.
ಕೊಪ್ಪರಿಗೆ ಇಳಿಸುವವರಿಲ್ಲದೆ
ಪಾಕ ಸೀದು, ತಳ ಹಿಡಿದು,
ಕೊನೆಗೆ ಕೊಪ್ಪರಿಗೆಯೇ ತೂತು.

"ಒಪ್ಪದವರೂ ಇದ್ದಾರೆ," ಎಂದರು ಕನ್ನಡಕ ಒರೆಸುತ್ತ.
"ಕೀಟನಾಶಕ ಅನ್ನುವವರು, ನೋವಿನ ಮಾತ್ರೆ ಅನ್ನುವವರು.
ಅದಕ್ಕೇ ಇಷ್ಟೊಂದು ಬೇಕು. ಮುಂದಿನದು ಹಾಕು."

ಉಪ್ಪು ತಿಂದವ ನೀರು ಕುಡಿಯಲೇಬೇಕು
ಎಂದು ಗಾದೆ ಮಾಡಿದವರು
ಉಪ್ಪು ಸುರಿಸಿದವನ ಬಗ್ಗೆ
ಏನೂ ಹೇಳಿಟ್ಟಿಲ್ಲ.

ಅರ್ಜಿಯಲ್ಲೊಂದು ಫೋನ್ ನಂಬರಿತ್ತು, ಹಮ್ರಿಯಾದ್ದು, ಆರಂಕಿಯದ್ದು.
ಈಗಿನ ಲೆಕ್ಕಕ್ಕೆ ಮುಂದೆರಡು ಅಂಕಿ ಸೇರಿಸಿ ಒತ್ತಿದೆ.
ನಿಯಮ ಒಪ್ಪುವುದಿಲ್ಲ, ಗೊತ್ತು.
ಏನು ಹೇಳಬೇಕೆಂಬುದು ಗೊತ್ತಿರಲಿಲ್ಲ:
ಕಾರಣ ಸಿಕ್ಕಿರಬಹುದು, ಅವನಿಗೆ ತಿಳಿಸಿ ಎಂದೇ?
ಎತ್ತಿದವನು ಮಲಯಾಳದಲ್ಲಿ ಕೇಳಿದ,
"ಪರೋಟ ಎಷ್ಟು?"
ಅವನ ಹಿಂದೆ ಗ್ಲಾಸುಗಳ ಸದ್ದು, ನಲ್ಲಿ,
ಯಾರೂ ನಿಲ್ಲಿಸದೆ ಬೀಳುತ್ತಿರುವ ನೀರು.
ನಾಲ್ಕು, ಎಂದೆ.

ಬೇರೆ ಬಣ್ಣಕ್ಕೆಂದು ಇನ್ನೆರಡು ಗಾಜು ಬಾಕಿ.
ಒರಟು ಅಂಚಿನಲ್ಲಿ ನಂಬರು ಮಾತ್ರ ಬರೆಯಬೇಕು.
ಬರೆದೆ.
ಪಕ್ಕದಲ್ಲಿ, ಯಾರಿಗೂ ಗೆರೆಯೆನ್ನಿಸುವಷ್ಟು ಚಿಕ್ಕದಾಗಿ
ಕನ್ನಡದಲ್ಲಿ ಒಂದು ಪ್ಪ.
ಶಾಯಿಯಾದರೆ ಸೈಲೀನಿನಲ್ಲಿ ಕರಗಿಹೋಗುತ್ತದೆ.
ಇದು ಪೆನ್ಸಿಲ್ಲು.