ಜೋಗಿಮಟ್ಟಿಗೆ ಹೋದ ಭಾನುವಾರ

ಅಂಗಡಿಯ ಗೋಡೆಗೆ ಒಂದು ಕ್ಯಾಲೆಂಡರು,
ಅದರ ವರ್ಷ ಮುಗಿದು ಹನ್ನೊಂದು ವರ್ಷ.
ಜೂನ್ ತಿಂಗಳಲ್ಲೇ ನಿಲ್ಲಿಸಿದ್ದೇನೆ:
ಇಂಗ್ಲೆಂಡಿನದಂತೆ ಆ ಗುಡ್ಡ,
ಸುಕ್ಕೊಂದೂ ಬೀಳದ ಹಸಿರು ಮಖಮಲ್ಲು,
ಮೇಲೆ ಹತ್ತಿಯ ಚೂರಿನಂಥ ಕುರಿ, ಎಣಿಸಿದರೆ ಹದಿನೇಳು,
ಕೋಲು ಹಿಡಿದ ಒಬ್ಬಳು ಬಿಳಿಯ ಹೆಂಗಸು
ಏರುತ್ತಲೇ ಇದ್ದಾಳೆ, ಇನ್ನೂ ಮುಟ್ಟಿಲ್ಲ.

ಮೀಟರಿಗೆಷ್ಟೋ, ಅಂದುಕೊಳ್ಳುತ್ತೇನೆ
ಮಷೀನು ತುಳಿಯುತ್ತ.
ಇಪ್ಪತ್ತಾರು ವರ್ಷ ತುಳಿದ ಕಾಲು ಇದು.
ನಡೆದಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತೋ;
ಕೂತಲ್ಲೇ ಕೂತಿದೆ, ಸಂತೇಪೇಟೆಯ ಓಣಿಯಲ್ಲಿ.

ರವಿಕೆ ಅಳತೆಗೆ ಬಂದ ನಾಗಲಾಂಬಿಕೆ ಟೀಚರು
ಆ ಚಿತ್ರ ನೋಡಿ ಕೇಳಿದರು:
"ಜೋಗಿಮಟ್ಟಿ ಹತ್ತಿದೀಯೇನೆ?"
ಇಲ್ಲ ಟೀಚರ್, ನೀವು?
ತೋಳಿನ ಸುತ್ತ ಟೇಪು. ಎತ್ತಿದ ಕೈ ಎತ್ತಿಯೇ ಇತ್ತು.
"ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದೆ ಕಣೆ,
ಸೀಮೆಸುಣ್ಣದಲ್ಲಿ. ಹತ್ತಲಿಲ್ಲ."

ಹಾಗೆ ಹೊರಟದ್ದು. ಭಾನುವಾರ, ಆರೂವರೆ,
ಬಾಟಲಿ ನೀರು, ಮಂಡಕ್ಕಿ ಪೊಟ್ಟಣ,
ಟೀಚರ ಕಾಲಿಗೆ ಮೊಮ್ಮಗನ ಕ್ಯಾನ್ವಾಸ್ ಶೂ.
ಗೇಟಿನಲ್ಲಿ ಓಬಳೇಶ ಚೀಟಿ ಹರಿಯುತ್ತ ಅಂದ:
"ಕರಡಿ ಕಂಡರೆ ಓಡಬ್ಯಾಡ್ರಿ, ಅಕ್ಕಾರೆ."
"ಓಡೋ ಕಾಲಿದ್ದಿದ್ದರೆ ಇಷ್ಟು ದಿನ ಬರದೆ ಇರ್ತಿದ್ವಾ?"
ಅಂದರು ಟೀಚರು. ಅವನು ಚಿಲ್ಲರೆ ಕೊಡುವುದು ಮರೆತ.

ಇದು ಮಖಮಲ್ಲಲ್ಲ.
ಒಗೆದೊಗೆದು ಬಣ್ಣ ಬಿಟ್ಟ ಕೋರಾ ಬಟ್ಟೆ,
ಬಂಡೆ ಬಂದಲ್ಲೆಲ್ಲ ಹರಿದದ್ದು,
ಕಾರೆಮುಳ್ಳು ಹೇಗೋ ಹೊಲಿದು ಹಿಡಿದದ್ದು.
ಆದರೆ ಸೋನೆ ಹಿಡಿದು ನಾಲ್ಕು ದಿನವಾಗಿತ್ತು,
ಹುಲ್ಲಿನ ಬುಡದಲ್ಲಿ ಹಸಿರಿನ ಅಸ್ತರು ಇಣುಕುತ್ತಿತ್ತು,
ಸೀತಾಫಲದ ಕಾಯಿ ಗುಂಡಿಯಷ್ಟೇ, ಎಲೆಯ ಮರೆಯಲ್ಲಿ.
ನವಿಲೊಂದು ಕೂಗಿತು
ಎಣ್ಣೆ ಬಿಡಬೇಕಾದ ಮಷೀನಿನಂತೆ.

ಮೂರನೇ ತಿರುವಿನಲ್ಲಿ ಟೀಚರು ಕೂತರು,
ಕಲ್ಲು ಆರಿಸಿ, ಒರೆಸಿ, ಕ್ಲಾಸಿನ ಕುರ್ಚಿಯ ಹಾಗೆ.
"ನನ್ನದು ಇಷ್ಟೇ. ನೀ ಹೋಗಿ ನೋಡು,
ಬಂದು ಹೇಳು, ನಾನು ಬರೆದದ್ದು ಸರಿ ಇತ್ತೋ ಇಲ್ಲವೋ."

ಒಬ್ಬಳೇ ನಡೆದೆ.
ಮದುವೆಗೆ, ಮಣ್ಣಿಗೆ, ರೇಷನ್ನಿಗೆ ನಡೆದವಳು
ಎಲ್ಲಿಗೂ ಅಲ್ಲದೆ ನಡೆಯುವುದು ಹೇಗೆಂದು
ಮೊದಲ ಅರ್ಧ ಮೈಲಿ ತಿಳಿಯಲಿಲ್ಲ.
ಕೈಗೆ ಕೆಲಸವಿಲ್ಲದೆ ನಾಚಿಕೆ.
ಸೆರಗು ಸರಿಮಾಡಿಕೊಂಡೆ, ನೋಡುವವರಿಲ್ಲ;
ಬಿಟ್ಟೆ, ಗಾಳಿ ಎತ್ತಿಕೊಂಡಿತು.

ಊರಿಂದ ನೋಡಿದರೆ ಗುಂಡುಸೂಜಿ
ಆ ಗಾಳಿಯ ಫ್ಯಾನುಗಳು, ಇಲ್ಲಿ ಅಯ್ಯೋ ಎಷ್ಟೆತ್ತರ!
ಒಂದೊಂದು ರೆಕ್ಕೆ ಇಳಿದು ಏರುವಾಗಲೂ
ಒಳಮನೆಯಲ್ಲಿ ಯಾರೋ ದೊಡ್ಡವರು ಉಸಿರೆಳೆದಂತೆ.
ಕೆಳಗೆ ದುರ್ಗ.
ಕೋಟೆಯೂ ದೊಡ್ಡದಲ್ಲ ಇಲ್ಲಿಂದ,
ಕಾಜಾ ಹೊಲಿದು ಗುಂಡಿ ಹಚ್ಚಲು ಮರೆತ ಪಟ್ಟಿ.
ನನ್ನ ಅಂಗಡಿ ಹುಡುಕಿದೆ,
ಆ ನೀಲಿ ಶೀಟಿನ ಪಕ್ಕ, ಅಲ್ಲ, ಅದರಾಚೆ,
ಸಿಗಲಿಲ್ಲ.
ಅಕ್ಕಾ ಆಯ್ತಾ, ಅಕ್ಕಾ ತೋಳು ಬಿಗಿ, ನಾಳೆ ಬೆಳಿಗ್ಗೆಗೇ ಬೇಕು,
ಆ ದನಿ ಯಾವುದೂ ಇಷ್ಟು ಮೇಲೆ ಹತ್ತುವುದಿಲ್ಲ.
ಕೂತೆ. ಹತ್ತು ನಿಮಿಷವೋ, ತಾಸೋ,
ಕೊರಳಲ್ಲಿ ಟೇಪಿರಲಿಲ್ಲ.

ಇಳಿದು ಬಂದರೆ ಟೀಚರು
ಮಂಡಕ್ಕಿಯನ್ನೆಲ್ಲ ಇರುವೆಗೆ ಹಾಕಿ
ಹಸಿ ಮಣ್ಣಿನ ಮೇಲೆ ಬೆರಳಲ್ಲಿ ಗೆರೆ ಎಳೆದಿದ್ದರು,
ಒಂದರೊಳಗೊಂದು, ಸುತ್ತಿನೊಳಗೆ ಸುತ್ತು.
"ಸರಿ ಇತ್ತೇನೆ?"
ಸರಿ ಇತ್ತು ಟೀಚರ್. ಗಾಳಿ ಮಾತ್ರ ಬಿಟ್ಟಿದ್ದಿರಿ.

ರಾತ್ರಿ ಸೀರೆಯ ಅಂಚಿನಲ್ಲಿ ಗೇಣುದ್ದ ಉತ್ತರಾಣಿ,
ಒಂದರ ಪಕ್ಕ ಒಂದು, ನನ್ನದಕ್ಕಿಂತ ಸಣ್ಣ ಹೊಲಿಗೆ.
ಬಿಡಿಸುತ್ತ ಕೂತೆ, ನಲವತ್ತರವರೆಗೆ ಎಣಿಸಿ
ಸಾಕಾಗಿ ಉಳಿದದ್ದನ್ನು ಹಾಗೇ ಬಿಟ್ಟೆ.

ಸೋಮವಾರ ಬಾಗಿಲು ತೆರೆದು
ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತೆ, ಕನ್ನಡಕ ಹಾಕಿಕೊಂಡು.
ಆ ಹೆಂಗಸಿನ ಲಂಗದಲ್ಲೂ ಏನಾದರೂ ಅಂಟಿರಬೇಕು.
ಫೋಟೋ ತೆಗೆದವನು
ಅಷ್ಟು ಹತ್ತಿರ ಹೋಗಿಲ್ಲ.