ಸ್ವಲ್ಪ ಗಾಳಿ

ಬಿಳಿ ಹಲಗೆಯ ಮೇಲೆ ಬರೆದೆ: ಮನವೊಲಿಸುವ ಬಗೆಗಳು.
ಉತ್ತರ ಬೇಡದ ಪ್ರಶ್ನೆ. ಮೂರರ ಕಟ್ಟು.
ಬಿಡದೆ ಮತ್ತೆ ಮತ್ತೆ ಅದೇ ಮಾತು.
ಅಂಕಿಅಂಶ, ಎದೆಗೆ ನಾಟುವ ಪದ, ಸಣ್ಣದೊಂದು ಕಥೆ,
ಕೆಳಗೆ, ಜಾಗ ಸಾಲದೆ, ವಾರೆಯಾಗಿ: ಅತಿಶಯೋಕ್ತಿ.

ಸ್ಕಾಟ್ಲೆಂಡಿನ ಈ ಮೂಲೆಯಲ್ಲಿ ನವೆಂಬರ್ ಬಂತೆಂದರೆ
ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು.
ಕಿಟಕಿಯ ಸಂದಿಯಿಂದ ಮೀನಿಗೆ ಹೊಗೆ ಹಾಕುವ ಶೆಡ್ಡಿನ ವಾಸನೆ.
"ಮಿಸ್, ಉಪಮೆಗೂ ರೂಪಕಕ್ಕೂ ಏನು ವ್ಯತ್ಯಾಸ?"
ಇದು ನಾಲ್ಕನೇ ಸಲ, ಇಶ್‌ಬೆಲ್.
ನಿನ್ನಣ್ಣ ಹಂದಿಯ ಹಾಗೆ ತಿನ್ನುತ್ತಾನೆ ಅಂದರೆ ಉಪಮೆ,
ನಿನ್ನಣ್ಣ ಹಂದಿ ಅಂದರೆ ರೂಪಕ.
"ಅವನು ನಿಜಕ್ಕೂ ಹಂದಿಯೇ ಆಗಿದ್ದರೆ?"
ತರಗತಿ ನಕ್ಕಿತು. ನಾನೂ ನಕ್ಕೆ.

ಆಮೇಲೆ ಕೊಟ್ಟ ಕೆಲಸ: ಬಂದರು ಮಂಡಳಿಗೆ ಪತ್ರ.
ಕಟ್ಟೆಯ ತುದಿಯ ತಗಡಿನ ಗೂಡು ಕೆಡವುತ್ತಾರಂತೆ,
ದೋಣಿ ಕಾಯುವವರು ನಿಲ್ಲುವ ಜಾಗ.
ಬೇಡವೆನ್ನಿ. ಇಪ್ಪತ್ತು ಅಂಕ.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಇಪ್ಪತ್ತೇಳು ಪತ್ರ,
ಆರಿದ ಚಹಾ, ಹಸಿರು ಪೆನ್ನು.
ಓದುತ್ತ ಓದುತ್ತ ಆ ಗೂಡು ಅರಮನೆಯಾಯಿತು.
"ಊರಿನ ಹೃದಯ, ಊರಿನ ಆತ್ಮ, ಊರಿನ ಬೆನ್ನೆಲುಬು!"
"ನಿಮಗೆ ಮಕ್ಕಳಿಲ್ಲವೇ? ನಿಮಗೆ ಕಣ್ಣೀರಿಲ್ಲವೇ?"
"ನೂರಕ್ಕೆ ತೊಂಬತ್ತೇಳು ಜನರ ಅಭಿಪ್ರಾಯದಂತೆ..."
ಯಾರನ್ನು ಕೇಳಿದಳೋ ಇಶ್‌ಬೆಲ್.
ಒಬ್ಬನ ಅಜ್ಜಿ ಆ ಗೂಡಿನಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ,
ಒಂದೇ ಪ್ಯಾರಾದೊಳಗೆ ಅಲ್ಲೇ ತೀರಿಕೊಂಡಿದ್ದರು.
ಮೊನ್ನೆ ಬ್ರೆಡ್ಡಿನ ಅಂಗಡಿಯಲ್ಲಿ ಸಿಕ್ಕಿದ್ದರು. ಗಟ್ಟಿಮುಟ್ಟಾಗಿದ್ದಾರೆ.
ಹದಿನೇಳು, ಹದಿನೆಂಟು, ಹತ್ತೊಂಬತ್ತು.
ನಾನು ಕೊಟ್ಟದ್ದನ್ನೇ ನನಗೆ ಮರಳಿಸಿದ್ದರು,
ಒಗೆದು, ಇಸ್ತ್ರಿ ಹಾಕಿ.

ಕೊನೆಯದು ಸ್ಟ್ರೂವನ್ ಟೇಟ್‌ನದು. ನಾಲ್ಕೇ ಸಾಲು.

"ಗೂಡು ಇದ್ದರೆ ಒಳ್ಳೆಯದು.
ಹೋದ ಫೆಬ್ರವರಿಯಲ್ಲಿ ಅಪ್ಪನ ದೋಣಿ ತಡವಾಯಿತು.
ಅಮ್ಮ ಒಂಬತ್ತು ದಿನ ಅಲ್ಲಿ ನಿಂತಿದ್ದಳು.
ಸ್ವಲ್ಪ ಗಾಳಿ ಇತ್ತು."

ಪ್ರಶ್ನೆ ಇಲ್ಲ. ಮೂರರ ಕಟ್ಟಿಲ್ಲ. ಅಂಕಿ ಒಂದಿದೆ, ಆಧಾರವಿಲ್ಲ.
ಕೋಷ್ಟಕದ ಪ್ರಕಾರ ನಾಲ್ಕು. ಬರೆದೂ ಬಿಟ್ಟೆ.

ಆ ಫೆಬ್ರವರಿಯ ಗಾಳಿಗೆ
ನಮ್ಮ ಶಾಲೆಯ ಜಿಮ್ಮಿನ ಮಾಡು ಹಾರಿ ಆಟದ ಬಯಲಲ್ಲಿ ಬಿದ್ದಿತ್ತು.
ಆ ದೋಣಿ ಇನ್ನೂ ಬಂದಿಲ್ಲ.

ಇದು ಇಲ್ಲಿಯವರ ಮಾತಿನ ರೀತಿ.
ಬಲೆ ಹರಿಯುವಷ್ಟು ಮೀನು ಬಿದ್ದರೂ "ಪರವಾಗಿಲ್ಲ",
ಮದುಮಗಳನ್ನು ನೋಡಿ ಬಂದವರದ್ದೂ "ಪರವಾಗಿಲ್ಲ".
ಆಸ್ಪತ್ರೆಯಿಂದ ಅಪ್ಪ ಕೊನೆಯ ಸಲ ಫೋನು ಮಾಡಿದಾಗ
"ಸ್ವಲ್ಪ ಸುಸ್ತು, ಅಷ್ಟೇ" ಅಂದಿದ್ದರು.
ನಾನು ಪೇಟೆಗೆ ಹೋಗಿ, ಸಾಲ ಮಾಡಿ, ನಾಲ್ಕು ವರ್ಷ ಓದಿ
ಅದಕ್ಕೊಂದು ಹೆಸರಿದೆಯೆಂದು ಕಲಿತು ಬಂದೆ.
ಹಲಗೆಯ ಮೇಲೆ ಮಾತ್ರ ಬರೆಯಲು ಮರೆತೆ.

ಮರುದಿನ ಬಾಗಿಲ ಬಳಿ ಅವನನ್ನು ನಿಲ್ಲಿಸಿಕೊಂಡೆ.
ಇದಕ್ಕೆ ನ್ಯೂನೋಕ್ತಿ ಅನ್ನುತ್ತಾರೆ, ಸ್ಟ್ರೂವನ್,
ಅತಿಶಯೋಕ್ತಿಯ ಬಾಯಿಲ್ಲದ ತಂಗಿ.
ಬೇಕೆಂದೇ ಹಾಗೆ ಬರೆದೆಯಾ?
ಬ್ಯಾಗಿನ ಪಟ್ಟಿ ಸರಿಮಾಡಿಕೊಂಡ.
"ಮನೆಯಲ್ಲಿ ಅಮ್ಮ ಓದುತ್ತಾಳೆ, ಮಿಸ್, ನಾನು ಬರೆದದ್ದೆಲ್ಲ."

ನಾಲ್ಕನ್ನು ಹೊಡೆದು ಹಾಕಿದೆ. ಏನು ಬರೆಯಬೇಕೋ ತಿಳಿಯದೆ
ಆ ಚೌಕ ಇನ್ನೂ ಖಾಲಿ.

ಇಪ್ಪತ್ತೇಳನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕಳಿಸಿದೆವು.
ಕ್ರಿಸ್‌ಮಸ್ಸಿಗೆ ಮುಂಚೆ ಉತ್ತರ ಬಂತು, ದಪ್ಪ ಕಾಗದ, ಮೇಲೆ ಲಂಗರಿನ ಮುದ್ರೆ:
"ನಿಮ್ಮ ಭಾವನೆಗಳನ್ನು ಮಂಡಳಿಯು ಆಳವಾಗಿ ಗೌರವಿಸುತ್ತದೆ."
ಗಟ್ಟಿಯಾಗಿ ಓದಿದೆ. ಇದು ಯಾವ ಅಲಂಕಾರ, ಹೇಳಿ ನೋಡೋಣ.

ಸ್ಟ್ರೂವನ್ ಕಿಟಕಿಯ ಆಚೆ ನೋಡುತ್ತಿದ್ದ.
ಇಶ್‌ಬೆಲ್ ಕೈಯೆತ್ತಿದಳು, ಈ ಸಲ ನಗದೆ.
"ವ್ಯಂಗ್ಯವಾ, ಮಿಸ್?
ಅಥವಾ ಅವರು ನಿಜಕ್ಕೂ ಹಾಗೆಂದುಕೊಂಡಿದ್ದಾರಾ?"